ಬಾಲೂ ಇಲ್ಲ, ಸ್ಪ್ರಿಂಗೂ ಇಲ್ಲ, ನಾಬ್ ಮಾತ್ರ ಟಕ್ ಅಂತ ನಿಲ್ಲುತ್ತದೆ

ತಿರುಗಿಸಿದಂತೆ ಟಕ್ ಟಕ್ ಅಂತ ಒಂದೊಂದು ಜಾಗದಲ್ಲಿ ನಿಲ್ಲುವ ನಾಬಿನಲ್ಲಿ, ಸ್ಪ್ರಿಂಗ್ ಒತ್ತುವ ಸಣ್ಣ ಗುಂಡಿನ (ಬಾಲ್) ಬದಲು ಬಾಗುವ ಪ್ಲಾಸ್ಟಿಕ್ ನಾಲಿಗೆ ಹಾಕುತ್ತೇನೆ ಅಂದೆ. "ಸುಮ್ನೆ ಬಾಲು, ಸ್ಪ್ರಿಂಗು ಹಾಕಿ. ಪ್ಲಾಸ್ಟಿಕ್ ನಾಲಿಗೆ ನಾಲ್ಕು ದಿನಕ್ಕೆ ಮುರಿಯುತ್ತೆ" ಅಂತ ಕೆಲವರು ಅಂದರು. ಮುರಿಯಿತು ಕೂಡ, ಹತ್ತಿರ ಹತ್ತಿರ ಮೂವತ್ತು. ಈಗ ನಾಬನ್ನು ಮೋಟಾರಿಗೆ ಕಟ್ಟಿ 20,000 ಸುತ್ತಿನಷ್ಟು ತಿರುಗಿಸಿದ್ದೇನೆ. ಇನ್ನೂ ಟಕ್ ಅನ್ನುತ್ತಿದೆ. ಅಂದವರು ಬಂದು ತಿರುಗಿಸಿ ನೋಡಲಿ.

40 ಮಿ.ಮೀ. ನಾಬ್, ಒಳಗೋಡೆಯಲ್ಲಿ 12 ಕಚ್ಚು. ನಾಲಿಗೆಯ ತುದಿಯ ಉಬ್ಬು ಕಚ್ಚಿಗೆ ಬಿದ್ದಾಗ ಟಕ್. ಮೊದಲ ನಾಲಿಗೆ 8 ಮಿ.ಮೀ. ಉದ್ದ, 1.6 ದಪ್ಪ, ತುದಿಯ ಉಬ್ಬು 0.8. ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ, ನಾಲಿಗೆಯನ್ನು ನಿಲ್ಲಿಸಿ 3ಡಿ ಪ್ರಿಂಟ್ ಮಾಡಿದೆ, ಎರಡನೇ ಟಕ್‌ಗೇ ಪದರ ಬಿಟ್ಟಿತು. ಮಲಗಿಸಿ ಮಾಡಿದೆ, ಬುಡದಲ್ಲಿ ಮುರಿಯಿತು. ಆಗ ಮಾಡಿದ ದಡ್ಡತನ ಎಂದರೆ ದಪ್ಪ ಏರಿಸಿದ್ದು. ಅಷ್ಟೇ ಬಾಗಿದರೂ ದಪ್ಪ ನಾಲಿಗೆಯ ಬುಡ ಜಾಸ್ತಿ ಹಿಗ್ಗುತ್ತದೆ, ಅಲ್ವಾ? ಬೇಕಾಗಿದ್ದದ್ದು ಉದ್ದ. ಉದ್ದ ಎರಡು ಪಟ್ಟಾದರೆ ಹಿಗ್ಗು ಕಾಲು ಭಾಗಕ್ಕೆ ಇಳಿಯುತ್ತದೆ.

ನೇರ ನಾಲಿಗೆಗೆ ಜಾಗ ಇರಲಿಲ್ಲ. ಗೋಡೆಯ ಗುಂಟ ಬಳಸಿ 18 ಮಿ.ಮೀ. ಮಾಡಿದೆ, ದಪ್ಪ 1.2, ಬುಡದ ಮೂಲೆಯನ್ನು ದಪ್ಪದ ಅರ್ಧದಷ್ಟು ರೇಡಿಯಸ್ಸಿನಲ್ಲಿ ದುಂಡು ಮಾಡಿದೆ. 3%ರ ಆಸುಪಾಸಿನಲ್ಲಿದ್ದ ಹಿಗ್ಗು ಅರ್ಧ ಪರ್ಸೆಂಟಿನ ಒಳಗೆ ಬಂತು. ಒಂದೇ ನಾಲಿಗೆ ಇದ್ದಾಗ ನಾಬ್ ಒಂದು ಕಡೆ ವಾಲುತ್ತಿತ್ತು. ಎದುರಿಗೆ ಇನ್ನೊಂದು ಕೊಟ್ಟೆ, ಸರಿಹೋಯಿತು.

ಜೇಬು ಸುಟ್ಟದ್ದು ಕರಗಿದ ಪ್ಲಾಸ್ಟಿಕ್ ತುಂಬುವ ಉಕ್ಕಿನ ಅಚ್ಚಿನಲ್ಲಿ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಪ್ರಿಂಟಲ್ಲಿ ಹಿತವಾಗಿದ್ದ ಅಳತೆಯನ್ನೇ, ಅದಕ್ಕಿಂತ ಬಿರುಸಾದ ಅಸಿಟಾಲ್ ಪ್ಲಾಸ್ಟಿಕ್ಕಿನ ಅಚ್ಚಿಗೆ ಕೊಟ್ಟುಬಿಟ್ಟೆ. ಬಂದ ನಾಬ್ ಕೈ ನೋಯುವಷ್ಟು ಬಿಗಿ! ಉಬ್ಬು 0.55ಕ್ಕೆ ಇಳಿಸಬೇಕು. ಪ್ಲಾಸ್ಟಿಕ್ ಹೆಚ್ಚಿಸುವುದಾದರೆ ಅಚ್ಚಿನ ಉಕ್ಕು ಕೆತ್ತಿದರಾಯಿತು. ಇಳಿಸಬೇಕೆಂದರೆ ವೆಲ್ಡ್ ತುಂಬಿ ಮತ್ತೆ ಕೊರೆಯಬೇಕು. ಅಚ್ಚಿನ ಮೊದಲ ಬಿಲ್ಲಿನ ಕಾಲು ಭಾಗ ಅದಕ್ಕೇ ಹೋಯಿತು. ಈಗ ಉಬ್ಬನ್ನು ಬೇಕಂತಲೇ ಚಿಕ್ಕದಾಗಿ ಕೊಡುತ್ತೇನೆ, ಸಾಲದಿದ್ದರೆ ಕೆತ್ತಿಸುತ್ತೇನೆ.

ನಡುವೆ ಒಂದು ಚಪಲ. ಎರಡನೇ ನಾಲಿಗೆಯನ್ನು ಅರ್ಧ ಕಚ್ಚಿನಷ್ಟು ಸರಿಸಿದರೆ 12 ಕಚ್ಚಿನಲ್ಲೇ 24 ನಿಲುಗಡೆ ಸಿಗುತ್ತದೆ. ಸಿಕ್ಕಿತು, ಖುಷಿಯೂ ಆಯಿತು. ಆದರೆ ಒಂದು ನಾಲಿಗೆ ಕಚ್ಚಿನಲ್ಲಿ ಕೂತಾಗ ಇನ್ನೊಂದು ನಾಲಿಗೆ ಎರಡು ಕಚ್ಚುಗಳ ನಡುವಿನ ದಿಣ್ಣೆಯ ಮೇಲೆ ಬಾಗಿಕೊಂಡೇ ಇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟಿದ್ದೆ. ಬಾಗಿದ್ದ ನಾಲಿಗೆ ವಾಪಸ್ ಬರಲಿಲ್ಲ, ಟಕ್ ಸತ್ತೇ ಹೋಯಿತು. ನಿಂತ ಜಾಗದಲ್ಲಿ ನಾಲಿಗೆ ಆರಾಮಾಗಿರಬೇಕು ಅಂತ ಹೀಗೆ ಕಲಿತೆ. ಕೊನೆಯ ನಿಲುಗಡೆಗೆ ನಾಲಿಗೆಯನ್ನು ನಂಬಬೇಡಿ. ಅಲ್ಲಿ ಜನ ಜೋರಾಗಿ ತಿರುಚುತ್ತಾರೆ, ಬೇರೆಯೇ ಗಟ್ಟಿ ತಡೆ ಕೊಡಿ.

ಇನ್ನು ಕಚ್ಚಿನ ಕೋನ, ಅಂದರೆ ಅದರ ಬದಿಯ ಇಳಿಜಾರು. 30ರಿಂದ 45 ಡಿಗ್ರಿ ನಡುವೆ ಹುಡುಕಿ, ಸಿಗುತ್ತದೆ. ನನಗೆ ಎರಡು ತಿಂಗಳು ಹಿಡಿಯಿತು, ಪುಕ್ಕಟೆ ಹೇಳಲಾರೆ.