ಬಟವಾಡೆ ದಿನದ ಲೆಕ್ಕ

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಹೆಣ್ಣುಮಕ್ಕಳ ಜೊತೆ ನಾನು ಕೆಲಸ ಮಾಡುತ್ತೇನೆ. ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳಿಗೆ ಮೊದಮೊದಲು ಹೋದಾಗ, 'ಯಾರಾದರೂ ತೊಂದರೆ ಕೊಡ್ತಾರಾ?' ಅಂತ ನೇರವಾಗಿ ಕೇಳುತ್ತಿದ್ದೆ. ಎಲ್ಲರೂ ಇಲ್ಲ ಅನ್ನುತ್ತಿದ್ದರು. ಪಕ್ಕದ ಶೆಡ್ಡಿನವರಿಗೆ ಕೆಮ್ಮಿದರೂ ಕೇಳುವ ಜಾಗದಲ್ಲಿ ಯಾರು ಹೇಳ್ತಾರೆ, ಅಲ್ವಾ?

ಆ ಪ್ರಶ್ನೆ ಬಿಟ್ಟೆ. ಭಾನುವಾರ ನೋಟ್‌ಬುಕ್ ಹಿಡಿದು ಕೂತೆ. ಎಷ್ಟು ಹಾಜರಿ, ನಡುವೆ ಕೈಖರ್ಚಿಗೆ ಕೊಟ್ಟ ದುಡ್ಡು (ಖರ್ಚಿ) ಎಷ್ಟು, ಊರಲ್ಲಿ ಪಡೆದ ಮುಂಗಡ ಎಷ್ಟು, ಬಟವಾಡೆ ಯಾರ ಕೈಗೆ ಬರುತ್ತದೆ, ಇಷ್ಟೇ ಕೇಳಿದೆ. ಈಗ ಮಾತು ಬಂತು. ಗಂಡ ಹೆಂಡತಿ ಜೋಡಿಯಾಗಿ ದುಡಿದರೂ ದುಡ್ಡು ಗಂಡನ ಕೈಗೆ. ಒಂಟಿ ಹೆಂಗಸಿನ ಲೆಕ್ಕ ಮೇಸ್ತ್ರಿಯ ಬಾಯಲ್ಲಿ. ಹಾಗಿರುವವರೆಗೆ ಮುಂಗಡ ತೀರುವುದೇ ಇಲ್ಲ.

ಮೂರನೇ ವಾರ ಒಬ್ಬಳು ಲೆಕ್ಕ ಬರೆಸಿದ ಮೇಲೂ ಎದ್ದು ಹೋಗಲಿಲ್ಲ.

'ಬಟವಾಡಿ ಇಸ್ಕೊಳ್ಳಾಕ ರಾತ್ರಿ ಒಬ್ಬಾಕಿನ ಬಾ ಅಂತಾನ್ರಿ ಅಕ್ಕಾರ' ಅಂದಳು.

ಮೇಸ್ತ್ರಿಗೆ ಒಲ್ಲೆ ಅಂದಿದ್ದಕ್ಕೆ ಎರಡು ವಾರದ ದುಡ್ಡು ನಿಂತಿತ್ತು. ಅಂಗಡಿಯವನು ಉದ್ದರಿ ನಿಲ್ಲಿಸಿದ್ದ. ಎರಡು ಮಕ್ಕಳಿದ್ದವು.

ನಾನು ತಕ್ಷಣ ಕಾನೂನು ಹೇಳಿದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾಯ್ದೆ ಇದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆಯವರು, ಇಲ್ಲವೇ ಮಾಲೀಕನ ಮೇಲೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. 3 ತಿಂಗಳೊಳಗೆ ದೂರು ಕೊಡಬೇಕು. ಬರೆಯಲು ಬಾರದಿದ್ದರೆ ಬರೆಯಲು ಸಮಿತಿಯವರೇ ನೆರವಾಗಬೇಕು. ಪೊಲೀಸರಿಗೂ ಹೇಳಬಹುದು. ಅವಳು ಎಲ್ಲಾ ಕೇಳಿದಳು.

'ಮೊದ್ಲ ನನ್ನ ಪಗಾರ ಕೊಡಸ್ರಿ' ಅಂದಳು.

ಅವಳ ಮಾತೇ ಸರಿ. ದುಡ್ಡು ಅವನ ಕೈಯಲ್ಲಿರುವಾಗ ದೂರು ಕೊಟ್ಟರೆ ಅವಳು ಬರಿಗೈಲಿ ಊರಿಗೆ ಹೋಗಬೇಕಿತ್ತು. ಊರಲ್ಲಿ ಕಾಯುತ್ತಿದ್ದದ್ದೂ ಸಾಲವೇ.

ಮುಂದಿನ ಭಾನುವಾರ ಹಾಡುಹಗಲೇ ಆರು ಜನ ಹೆಂಗಸರೂ ನಾನೂ ಒಟ್ಟಿಗೆ ಮೇಸ್ತ್ರಿ ಹತ್ತಿರ ಹೋದೆವು. ಯಾರೂ ಕೂಗಾಡಲಿಲ್ಲ. ನೋಟ್‌ಬುಕ್ ಓದಿದೆವು, ಅಲ್ಲೇ ನಿಂತೆವು. ಮಧ್ಯಾಹ್ನದ ಹೊತ್ತಿಗೆ ದುಡ್ಡು ಬಂತು. ಆರೂ ಜನರದ್ದು.

ಅವಳು ಮಕ್ಕಳ ಜೊತೆ ಅಕ್ಕನ ಶೆಡ್ಡಿಗೆ ಹೋದಳು. ಎಂಟು ದಿನ ನಾನು ದೂರಿನ ಮಾತು ಎತ್ತಲಿಲ್ಲ. ಒಂಬತ್ತನೇ ದಿನ ಅವಳೇ ಫೋನ್ ಮಾಡಿದಳು. ಅವಳು ಹೇಳಿದ ಹಾಗೆ ಬರೆದು, ಗಟ್ಟಿಯಾಗಿ ಓದಿದೆ. ಹೆಬ್ಬೆಟ್ಟು ಒತ್ತುವ ಮೊದಲು ತಡೆದಳು.

'ಹನ್ನೊಂದು ಹಾಜರಿ ಅಲ್ರಿ, ಹನ್ನೆರಡು. ತಿದ್ದ್ರಿ.'