ಹೆಸರು ಕೇಳದ ಎಚ್‌ಐವಿ ಪರೀಕ್ಷೆ: ಏರಿಳಿತದ ಲೆಕ್ಕ ಓದುವುದು ಹೇಗೆ?

ಹೆಸರು ಕೇಳದೆ ಎಚ್‌ಐವಿ ಪರೀಕ್ಷೆ ಮಾಡುವ ಕಡೆ ನಾನು ಕೌನ್ಸೆಲರ್. ನನ್ನ ರಿಜಿಸ್ಟರಿನಲ್ಲಿ ಹೆಸರಿನ ಜಾಗದಲ್ಲಿ ಬರೀ ನಂಬರ್ ಇರುತ್ತದೆ. ವರ್ಷದ ಕೊನೆಗೆ ಎಲ್ಲರೂ ಕೇಳುವುದು ಒಂದೇ: ಸೋಂಕು ಜಾಸ್ತಿ ಆಯ್ತಾ, ಕಡಿಮೆ ಆಯ್ತಾ?

ಶೇಕಡಾ ಲೆಕ್ಕ ಆಮೇಲೆ. ಮೊದಲು ಎಷ್ಟು ಪರೀಕ್ಷೆ, ಎಷ್ಟು ಪಾಸಿಟಿವ್ ಎಂದು ಪಕ್ಕಪಕ್ಕ ಬರೆದುಕೊಳ್ಳಿ. ಒಂದು ವರ್ಷ 1,000ಕ್ಕೆ 20 ಪಾಸಿಟಿವ್, ಅಂದರೆ ಶೇ 2 ಅಂದುಕೊಳ್ಳಿ. ಮರುವರ್ಷ 4,000ಕ್ಕೆ 40, ಅಂದರೆ ಶೇ 1. ದರ ಅರ್ಧಕ್ಕಿಳಿಯಿತು, ಪಾಸಿಟಿವ್ ಮಾತ್ರ ಎರಡು ಪಟ್ಟಾಯಿತು! ಇದನ್ನು ನೋಡಿ ಖುಷಿಪಡಬೇಡಿ, ಹೆದರಲೂ ಬೇಡಿ. ಈ ಸಲ ಯಾರು ಬಂದರು ಎಂದು ನೋಡಿ. ನಮ್ಮಲ್ಲಿಗೆ ಬರುವವರು ಏನೋ ಅನುಮಾನ ಇಟ್ಟುಕೊಂಡೇ ಬರುತ್ತಾರೆ. ಅವರ ದರವನ್ನು ಇಡೀ ಸಮಾಜಕ್ಕೆ ಅಂಟಿಸುವುದು ತಪ್ಪು.

ಒಬ್ಬರು ಮೂರು ಸಲ ಬಂದರು. ಪ್ರತಿ ಸಲವೂ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತರು. ಚೀಟಿಯನ್ನು ಸಣ್ಣಗೆ ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದರು. ನನಗೆ ಒಬ್ಬರೇ, ರಿಜಿಸ್ಟರಿಗೆ ಮೂವರು. ಸೋಂಕು ತಗಲದಂತೆ ಪ್ರೆಪ್ ಮಾತ್ರೆ ತೆಗೆದುಕೊಳ್ಳುವವರೂ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಅದಕ್ಕೇ ‘ಇಷ್ಟು ಜನ’ ಎನ್ನಬೇಡಿ, ‘ಇಷ್ಟು ಪರೀಕ್ಷೆ’ ಎನ್ನಿ.

ಮೊದಲ ಕಿಟ್‌ನಲ್ಲಿ ಗೆರೆ ಬಂದ ಮಾತ್ರಕ್ಕೆ ಪಾಸಿಟಿವ್ ಎಂದು ಎಣಿಸಬೇಡಿ. ಬೇರೆ ಪರೀಕ್ಷೆಗಳಿಂದ ಖಚಿತವಾಗಬೇಕು. ನೆಗೆಟಿವ್‌ನಲ್ಲೂ ಒಂದು ತೊಡಕಿದೆ. ಸೋಂಕು ತಗಲಿದ ಮೇಲೆ ಅದು ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಅಂಶ) ಹುಡುಕುವ ಪರೀಕ್ಷೆಯಲ್ಲಿ ಕಾಣಿಸಲು ಸಾಮಾನ್ಯವಾಗಿ 23ರಿಂದ 90 ದಿನ ಬೇಕು. ಹೋದ ವಾರದ ಭಯಕ್ಕೆ ಈ ವಾರದ ನೆಗೆಟಿವ್ ಉತ್ತರವಲ್ಲ. ಮತ್ತೆ ಯಾವಾಗ ಬರಬೇಕು ಎಂದು ದಿನಾಂಕ ಹೇಳಿಯೇ ಕಳಿಸಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕಾಲಂ, ‘ಹಿಂದೆ ಯಾವಾಗ ಮಾಡಿಸಿದ್ದಿರಿ, ಏನು ಬಂದಿತ್ತು?’ ಎಂಬುದು. ಇವತ್ತು ಪಾಸಿಟಿವ್ ಬಂದವರಿಗೆ ಸೋಂಕು ತಗಲಿ ಹತ್ತು ವರ್ಷವೇ ಆಗಿರಬಹುದು. ಆರು ತಿಂಗಳ ಹಿಂದೆ ನೆಗೆಟಿವ್ ಬಂದಿದ್ದರೆ ಅದು ಹೊಸತು ಎಂದು ಗೊತ್ತಾಗುತ್ತದೆ. ಮೊದಲೇ ಪಾಸಿಟಿವ್ ಎಂದು ಗೊತ್ತಿದ್ದು, ನಂಬಲಾಗದೆ ಇನ್ನೊಮ್ಮೆ ಬಂದವರೂ ಇರುತ್ತಾರೆ. ಅವರನ್ನು ಬೇರೆಯಾಗಿ ಎಣಿಸಿ. ಈ ಮೂರನ್ನೂ ಒಂದೇ ಮೊತ್ತಕ್ಕೆ ಸೇರಿಸಿದರೆ ಏರಿಕೆ ಇಳಿಕೆ ಎರಡೂ ಸುಳ್ಳು ಹೇಳುತ್ತವೆ.

ಆ ಪ್ರಶ್ನೆ ಕೇಳುವಾಗ ನಾನು ಪೆನ್ನು ಕೆಳಗಿಡುತ್ತೇನೆ. ಬರೆಯುವ ಕೈ ಕಂಡರೆ ಜನ ‘ಇದೇ ಮೊದಲು’ ಅಂದುಬಿಡುತ್ತಾರೆ. ಅವರು ಮಾತು ಮುಗಿಸಲಿ, ಆಮೇಲೆ ಬರೆಯಿರಿ.