ಮಂಡಿಯ ಕುಳಿಗೆ ಜೆಲ್ ತುಂಬಿದ ನನ್ನ ಅನುಭವ

ನನ್ನ ಪಿಎಚ್‌ಡಿ ಪ್ರಯೋಗಕ್ಕೆ ಕುರಿಯ ಮಂಡಿ ಬೇಕು. ಮೈಸೂರಿನ ಮಂಡಿ ಮೊಹಲ್ಲಾದ ಮಟನ್ ಅಂಗಡಿಯವರು ಮೊದಲ ದಿನ "ಪೀಸ್ ಮಾಡ್ಲಾ ಮೇಡಂ?" ಅಂದರು. "ಬೇಡಣ್ಣ, ಮಂಡಿ ಕೀಲು ಬಿಚ್ಚದ ಹಾಗೆ ಇಡೀ ಕಾಲು ಕೊಡಿ" ಅಂದೆ. ಈಗ ನಾನು ಕೇಳುವ ಮೊದಲೇ ತೆಗೆದಿಟ್ಟಿರುತ್ತಾರೆ. ತಂದ ಕೂಡಲೇ ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಸುತ್ತುತ್ತೇನೆ. ಒಣಗಿದರೆ ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರ, ಕೆಲಸಕ್ಕೆ ಬರಲ್ಲ.

ಕೀಲು ಬಿಚ್ಚಿದರೆ ಮೂಳೆಯ ತುದಿಯಲ್ಲಿ ಎಳನೀರಿನ ಗಂಜಿಯ ಹಾಗೆ ಹೊಳೆಯುವ ಬಿಳಿ ಪದರ ಕಾಣುತ್ತದೆ. ಒತ್ತಿದರೆ ಮಾತ್ರ ರಬ್ಬರ್. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಗಾಯ ಮಾಯಬೇಕಾದರೆ ಮೊದಲು ರಕ್ತ ಹೆಪ್ಪುಗಟ್ಟಬೇಕಲ್ವಾ? ಇಲ್ಲಿ ರಕ್ತವೇ ಬರಲ್ಲ. ಒಮ್ಮೆ ಹಾಳಾದರೆ ಇದು ಮತ್ತೆ ಬರುವುದಿಲ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. 1994ರಲ್ಲಿ ಸ್ವೀಡನ್ನಿನ ವೈದ್ಯರು ರೋಗಿಯದೇ ಕಾರ್ಟಿಲೇಜ್ ಕೋಶಗಳನ್ನು ಬೆಳೆಸಿ ಮಂಡಿಯ ಕುಳಿಗೆ ತುಂಬಿದ್ದನ್ನು ವರದಿ ಮಾಡಿದರು. ಕೋಶಗಳು ಹೊರಗೆ ಹರಿಯದಿರಲಿ ಎಂದು ಮೂಳೆಯ ಹೊರಪೊರೆಯ ತುಂಡನ್ನು ಮೇಲೆ ಹೊಲಿದಿದ್ದರು. ಆ ಹೊಲಿಗೆಯೇ ಬೇಡವಾಗುವಂತೆ, ಸೂಜಿಯಲ್ಲಿ ದ್ರವವಾಗಿ ಹೋಗಿ ಕುಳಿಯಲ್ಲಿ ಗಟ್ಟಿಯಾಗಿ ಕೋಶಗಳಿಗೆ ಆಸರೆ ಕೊಡುವ ಜೆಲ್ ಮಾಡುವುದು ನನ್ನ ಪಿಎಚ್‌ಡಿ ಕೆಲಸ.

ನಾನು ಆರಿಸಿಕೊಂಡದ್ದು ಕೈಟೋಸಾನ್. ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆಯುವ ಪುಡಿ. ಇದನ್ನು ಶೇಕಡಾ 2ರಷ್ಟು ತೆಳು ಆಮ್ಲದಲ್ಲಿ ಕರಗಿಸಿ, ಐಸ್ ಮೇಲಿಟ್ಟು, ಬೀಟಾ ಗ್ಲಿಸರೋಫಾಸ್ಫೇಟ್ ಎಂಬ ಉಪ್ಪಿನ ದ್ರಾವಣ ಸೇರಿಸಬೇಕು. ತುಪ್ಪ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಇದು ಉಲ್ಟಾ. ಐಸ್‌ನಲ್ಲಿ ನೀರಾಗಿರುತ್ತದೆ, ಮೈಯ ಬಿಸಿಗೆ, ಅಂದರೆ 37 ಡಿಗ್ರಿಗೆ, ಗಟ್ಟಿಯಾಗುತ್ತದೆ.

ಮೊದಲ ಎರಡು ತಿಂಗಳು ನಾನು ಅವಸರ ಮಾಡಿದೆ. ಫಾಸ್ಫೇಟನ್ನು ಒಂದೇ ಸಲ ಸುರಿದೆ. ಮುದ್ದೆಗೆ ಹಿಟ್ಟು ಸುರಿದು ತಿರುವದಿದ್ದರೆ ಗಂಟು ಕಟ್ಟುತ್ತಲ್ಲ, ಹಾಗೇ ಆಯಿತು. ಬಿದ್ದ ಜಾಗದಲ್ಲಿ ಆಮ್ಲತೆ ಥಟ್ಟನೆ ಇಳಿದು ಕೈಟೋಸಾನ್ ಬಿಳಿ ಎಳೆಯಾಗಿ ಹೊರಗೆ ಬಂತು. ಆ ಎಳೆ ಸೂಜಿಯಲ್ಲಿ ಸಿಕ್ಕಿಕೊಂಡಿತು, ನಾನು ಜೋರಾಗಿ ಒತ್ತಿದೆ, ಸೂಜಿ ಕಳಚಿ ಜೆಲ್ಲೆಲ್ಲ ಗೋಡೆಗೆ ಹಾರಿತು. ಈಗ ತಿರುವುತ್ತಲೇ ಹನಿ ಹನಿಯಾಗಿ ಬಿಡುತ್ತೇನೆ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ಆಮೇಲೆ ತಣ್ಣನೆಯ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಗುಳ್ಳೆ ತೆಗೆಯುತ್ತೇನೆ. ಗುಳ್ಳೆ ಉಳಿದ ಕಡೆ ಜೆಲ್ ಸೀಳುತ್ತದೆ.

ಜೆಲ್ ಗಟ್ಟಿಯಾಗಿಸುವುದು ಕಷ್ಟವಲ್ಲ, ಅದನ್ನು ಕುಳಿಯಲ್ಲಿ ನಿಲ್ಲಿಸುವುದೇ ಕಷ್ಟ. 4 ಮಿಲಿಮೀಟರ್ ಪಂಚ್‌ನಿಂದ ಕುಳಿ ಮಾಡಿ, ಜೆಲ್ ತುಂಬಿ, ಬಿಸಿಗಿಟ್ಟು, ಕಾಲನ್ನು ಕೈಯಲ್ಲೇ ಮಡಚಿ ಬಿಚ್ಚಿ ನೋಡಿದೆ. ಹತ್ತನೇ ಮಡಿಕೆಗೆ ಜೆಲ್ ಇಡಿಯಾಗಿ ಕಿತ್ತು ಬಂತು. ತುಂಬಾ ಬೇಜಾರಾಯಿತು. ಕುಳಿಯನ್ನು ಗಮನಿಸಿ ನೋಡಿದರೆ ಅಂಚು ಇಳಿಜಾರಾಗಿತ್ತು, ತಳದಲ್ಲಿ ಪಸೆ ನಿಂತಿತ್ತು. ಅಂಚನ್ನು ನೇರ ಗೋಡೆಯ ಹಾಗೆ ಕೆರೆದೆ. ಫಿಲ್ಟರ್ ಪೇಪರ್ ಚೂರಿನಿಂದ ತಳ ಒರೆಸಿದೆ. ಕುಳಿ ಮೇಲ್ಮುಖವಾಗಿ ಸಮಕ್ಕೆ ನಿಲ್ಲುವಂತೆ ಮೂಳೆಯನ್ನು ಕ್ಲ್ಯಾಂಪ್‌ಗೆ ಹಾಕಿ, ಅಂಚಿಗಿಂತ ಕೂದಲೆಳೆಯಷ್ಟು ಕೆಳಗೇ ತುಂಬಿಸಿದೆ. ಉಬ್ಬಿದ್ದರೆ ಎದುರಿನ ಮೂಳೆ ಉಜ್ಜಿ ಎಳೆದುಬಿಡುತ್ತದೆ. ಆ ಸಲ ಐವತ್ತು ಮಡಿಕೆಯಾದರೂ ಕದಲಲಿಲ್ಲ.

ಮದ್ದೂರಿನ ಹತ್ತಿರ ಊರಲ್ಲಿರುವ ದೊಡ್ಡಮ್ಮನಿಗೆ ಇದನ್ನು ಹೇಳಿದೆ. ನಲವತ್ತು ವರ್ಷ ಗದ್ದೆಯಲ್ಲಿ ನಾಟಿ ಹಾಕಿದ ಮಂಡಿ ಅವರದು. "ಆ ಸೂಜಿ ನಂಗೂ ಹಾಕ್ಸವ್ವ" ಅಂದರು. ಉತ್ತರ ಹೇಳುವಾಗ ಗಂಟಲು ಕಟ್ಟಿತು. "ಇದು ಒಂದು ಕಡೆ ಗುಂಡಿ ಬಿದ್ದ ಮಂಡಿಗೆ ದೊಡ್ಡಮ್ಮ. ನಿಂದು ಪೂರ್ತಿ ಸವೆದಿದೆ. ಇದೂ ಇನ್ನೂ ಮನುಷ್ಯರ ತನಕ ಬಂದಿಲ್ಲ." ಆಸ್ಪತ್ರೆಗಳಲ್ಲಿ ಈಗ ಹಾಕುವ ಹೈಲುರಾನಿಕ್ ಆಸಿಡ್ ಇಂಜೆಕ್ಷನ್ ಬೇರೆಯೇ, ಅದು ಕೀಲು ಜಾರಲು ನೆರವಾಗುವುದಕ್ಕೆ. ಕುಳಿ ತುಂಬಲ್ಲ. ಕೇಳುವವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತೇನೆ.

ಈಗ ಕುರಿಯ ಕೋಶಗಳನ್ನೇ ಜೆಲ್ಲಿಗೆ ಬೆರೆಸುತ್ತಿದ್ದೇನೆ. ಮೊದಲ ಸಲ ಹೆಚ್ಚಿನವು ಸತ್ತವು. ಫಾಸ್ಫೇಟ್ ಉಪ್ಪು ಜಾಸ್ತಿಯಾದರೆ ಅದು ಕೋಶದ ನೀರನ್ನೇ ಎಳೆದುಬಿಡುತ್ತದೆ. ಅದನ್ನು ಕಡಿಮೆ ಮಾಡಿ ಸೋಡಿಯಂ ಬೈಕಾರ್ಬನೇಟ್ ಸೇರಿಸಿದೆ. ಮೂರನೇ ದಿನ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೆಂಪು ಚುಕ್ಕಿ ಕಡಿಮೆ, ಬದುಕಿದ ಹಸಿರು ಚುಕ್ಕಿಗಳೇ ಜಾಸ್ತಿ. ಗೈಡ್ ಮೇಡಂ ಅವರನ್ನು ಕರೆದು ತೋರಿಸಿದೆ. "ಇನ್ನೂ ಮೂರು ಸಲ ಮಾಡಿ ತೋರ್ಸು" ಅಂದರು. ನಾಳೆ ಬೆಳಿಗ್ಗೆ ಮತ್ತೆ ಮಟನ್ ಅಂಗಡಿಗೆ ಹೋಗಬೇಕು.